ಗೋಡೆಗೆ ಹಲಗೆ ಹೊಡೆಯುವ ಮುಂಚೆ

ನವನಗರದ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಲ್ಲ. ಹೊಲ ಅಮರಗೋಳದ ಕಡೆ, ಸಾಮಾನೆಲ್ಲ ಇಲ್ಲಿ. ಕುಡಗೋಲು, ಸಲಿಕೆ, ಸ್ಪ್ರೇ ಪಂಪು, ಬಿತ್ತನೆ ಬೀಜ, ಹೊಡೆಯುವ ಎಣ್ಣೆ. ನೆಲಕ್ಕಿಟ್ಟರೆ ಇಲಿ, ಗೆದ್ದಲು, ತಂಪು. ಅದಕ್ಕೆ ನಾನೇ ಗೋಡೆಗೊಂದು ಹಲಗೆ ಹೊಡೆದೆ.

ಎರಡನೇ ಮಳೆಗಾಲದ ಒಂದು ರಾತ್ರಿ ದಡ್ ಅಂತ ಬಿತ್ತು. ಎಣ್ಣೆ ಬಾಟಲಿ ಒಡೆದು ಬೀಜದ ಹೆಸರಿನ ಚೀಲ ತೊಯ್ದಿತ್ತು. ಕೋಳಿಗೂ ಹಾಕುವಂತಿರಲಿಲ್ಲ. ಅದೇ ಜಾಗದಲ್ಲಿ ಸಂಜೆ ಮೊಮ್ಮಗ ಆಡುತ್ತಿದ್ದ. "ಹಗಲಿ ಬಿದ್ದಿದ್ರ ಏನ್ ಗತಿರಿ?" ಎಂದಳು ಮನೆಯಾಕೆ. ನನ್ನ ಹತ್ತಿರ ಉತ್ತರವಿರಲಿಲ್ಲ.

ಹಲಗೆ ಮುರಿದಿರಲಿಲ್ಲ. ಮೇಲಿನ ಸ್ಕ್ರೂಗಳು ಗೋಡೆಯಿಂದ ಕಿತ್ತು ಬಂದಿದ್ದವು. ಒಂದೂವರೆ ಇಂಚಿನ ಸ್ಕ್ರೂ, ಅರ್ಧ ಗಿಲಾವಿನಲ್ಲೇ ಮುಗಿದಿತ್ತು. ಉಳಿದರ್ಧ ಇಟ್ಟಿಗೆಯ ಸಂದಿಯಲ್ಲಿತ್ತು.

ಭಾರ ಬರೀ ಕೆಳಗೆ ಜಗ್ಗುವುದಿಲ್ಲ, ಮೇಲಿನ ಸ್ಕ್ರೂವನ್ನು ಹೊರಕ್ಕೂ ಜಗ್ಗುತ್ತದೆ. ಒಂದು ಅಡಿ ಅಗಲದ ಹಲಗೆ ಮೇಲೆ 60 ಕಿಲೋ ಇಟ್ಟಿರಿ ಅನ್ನಿ. ಭಾರದ ನಡು ಗೋಡೆಯಿಂದ 6 ಇಂಚು. ಬ್ರ್ಯಾಕೆಟ್ಟಿನ ಮೇಲಿನ ಸ್ಕ್ರೂವಿನಿಂದ ಕೆಳತುದಿಗೂ 6 ಇಂಚೇ ಇದ್ದರೆ, ಮೇಲಿನ ಸ್ಕ್ರೂಗಳಿಗೆ ಒಟ್ಟು ಸುಮಾರು 60 ಕಿಲೋ ಎಳೆತ. 12 ಇಂಚಿದ್ದರೆ 30 ಕಿಲೋ. ಅದಕ್ಕೇ ಅಡ್ಡಪಟ್ಟಿ ಇರುವ ಬ್ರ್ಯಾಕೆಟ್ ತಂದು, ಅದರ ಉದ್ದ ಕಾಲನ್ನು ಗೋಡೆಗೆ ಕೂಡಿಸಿ.

ಈ ಸಲ ಮಾಡಿದ್ದು ಹೀಗೆ. ಡ್ರಿಲ್ ಮಾಡುವಾಗ ಬೀಳುವ ಪುಡಿ ನೋಡಿದೆ. ಕೆಂಪು ಬಂದರೆ ಇಟ್ಟಿಗೆ, ಬೂದಿ ಬಣ್ಣದ್ದೇ ಬರುತ್ತಿದ್ದರೆ ಸಂದಿ, ತೂತು ಸರಿಸಬೇಕು. ಗಿಲಾವು ದಾಟಿ ಇಟ್ಟಿಗೆಯೊಳಗೆ 2 ಇಂಚು ಹೋಗುವಷ್ಟು ಉದ್ದದ ಪ್ಲಗ್ಗು, ಸ್ಕ್ರೂ ಹಾಕಿದೆ. ಸ್ವಿಚ್ಚಿನ ನೇರಕ್ಕೆ ಮೇಲೆ-ಕೆಳಗೆ ತೂತು ಹಾಕಬೇಡಿ, ಒಳಗೆ ವೈರಿರುತ್ತದೆ. ಎರೆ ಭೂಮಿ ಮೇಲಿನ ಮನೆಗಳ ಗೋಡೆ ಸೀಳುವುದುಂಟು. ಸೀಳಿನ ಹತ್ತಿರವೂ ಬೇಡ.

ಹಲಗೆ ಮುಕ್ಕಾಲು ಇಂಚಿನ ಪ್ಲೈವುಡ್, 2 ಅಡಿಗೊಂದು ಬ್ರ್ಯಾಕೆಟ್. ಅಷ್ಟೇ ಭಾರಕ್ಕೆ ಬ್ರ್ಯಾಕೆಟ್ಟುಗಳ ಅಂತರ ಇಮ್ಮಡಿಯಾದರೆ ಹಲಗೆ ಬಾಗುವುದು ಎಂಟು ಪಟ್ಟು. ಇಡಬೇಕಾದ ಭಾರದ ಒಂದೂವರೆ ಪಟ್ಟು ಉಸುಕಿನ ಚೀಲ ಒಂದು ರಾತ್ರಿ ಇಟ್ಟು ನೋಡಿದೆ. ಅಲುಗಲಿಲ್ಲ.

ಬೀಜಕ್ಕೆ ಅವ್ವನ ನೆಲುವು ನೆನಪಾಯಿತು. ಹಾಲು-ಬೆಣ್ಣೆ ಇಲಿ, ಬೆಕ್ಕಿಗೆ ಸಿಗದಂತೆ ತೊಲೆಗೆ ತೂಗುಬಿಡುತ್ತಿದ್ದಳು. ಸ್ಲ್ಯಾಬ್ ಹಾಕುವಾಗ ಬಿಟ್ಟ ಎರಡು ಕಬ್ಬಿಣದ ಕೊಂಡಿಗಳಿಂದ ಸರಪಳಿ ಇಳಿಸಿ ಸಣ್ಣ ಹಲಗೆ ತೂಗುಬಿಟ್ಟೆ, ಗೋಡೆಯಿಂದ ದೂರ. ಸರಪಳಿಗೆ ಅಗಲ ತಗಡಿನ ಬಿಲ್ಲೆ ತೂರಿಸಿದರೆ ಇಲಿ ಇಳಿಯಲಾರದು. ಇದರ ಮೇಲೆ ಹಗುರ ಡಬ್ಬಿಗಳಷ್ಟೇ. ತಗಡಿನ ಶೆಡ್ಡಾದರೆ ಸೂರಿನ ಕೆಳಗೆ ಬೀಜ ಬೇಡ. ಕಾವಿಗೆ ಮೊಳಕೆ ಕೆಡುತ್ತದೆ.

ಎಣ್ಣೆಯನ್ನು ಮಾತ್ರ ಹಲಗೆಗೆ ಹತ್ತಿಸಿಲ್ಲ. ಅದಕ್ಕೆ ಬೀಜದಿಂದ ದೂರ, ಕೆಳಗೇ ಕೀಲಿ ಹಾಕುವ ಪೆಟ್ಟಿಗೆ. ಅದರಲ್ಲೂ ಪುಡಿ ಮೇಲೆ, ದ್ರವ ಕೆಳಗೆ. ಸೋರಿದರೆ ಪುಡಿ ಕೆಡುವುದಿಲ್ಲ. ಕೀಲಿ ಮನೆಯಾಕೆಯ ಹತ್ತಿರ.

ಪ್ರತಿವರ್ಷ ಮಿರಗಾ ಮಳೆ ಹಿಡಿಯುವ ಮುಂಚೆ ಸ್ಕ್ರೂಗಳನ್ನು ಒಮ್ಮೆ ಅಲುಗಿಸಿ ನೋಡುತ್ತೇನೆ. ನೀವೂ ನಿಮ್ಮ ಹಲಗೆಯನ್ನು ಇವತ್ತೇ ಒಂದು ಸಲ ಜಗ್ಗಿ ನೋಡಿ.