ವೇಷ, ನಡೆ ಮತ್ತು ಸ್ವಭಾವ: ಮಲೆನಾಡಿನ ಯುವಜನರ ಆತ್ಮಾಭಿವ್ಯಕ್ತಿಯಲ್ಲಿ ನೃತ್ಯದ ಸ್ಥಾನ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮಳೆಗಾಲ ಕಳೆದು ಅಡಕೆಯ ಕೊಯ್ಲು ತೊಡಗಿದ ಮೇಲೆ ಬಯಲಾಟದ ಕಾಲವೂ ತೊಡಗುತ್ತದೆ. ಕರಾವಳಿಯ ಮೇಳಗಳು ಘಟ್ಟವನ್ನೇರಿ ಬಂದು ಹರಕೆಯ ಆಟಗಳನ್ನು ಆಡುವುದು ಇಲ್ಲಿಯ ಜನರಿಗೆ ಚಿರಪರಿಚಿತವಾದುದು. ಸ್ತ್ರೀವೇಷದ ಪುರುಷ ಕಲಾವಿದನು ರಂಗಸ್ಥಳದಲ್ಲಿ ಬಳುಕಿ ನಡೆದರೆ ಸಭೆ ಮೆಚ್ಚಿ ತಲೆದೂಗುತ್ತದೆ. ಅದೇ ಬಳುಕು ಕಾಲೇಜಿನ ಹುಡುಗನೊಬ್ಬನ ಸಹಜವಾದ ನಡೆಯಾಗಿದ್ದರೆ ಅದೇ ಊರು ನಗುತ್ತದೆ. ಒಂದೇ ಚಲನೆಗೆ ಈ ಎರಡು ಬೆಲೆಗಳು ಬಂದುದು ಹೇಗೆ, ನೃತ್ಯವು ಇಂತಹ ಯುವಜನರಿಗೆ ಆತ್ಮಾಭಿವ್ಯಕ್ತಿಯ ಸಾಧನವಾಗಬೇಕಾದರೆ ಏನು ಅವಶ್ಯ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಮೂರು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ತಾನು ಗಂಡೋ ಹೆಣ್ಣೋ ಅಥವಾ ಈ ಎರಡರಲ್ಲಿಯೂ ಅಡಗದವನೋ ಎಂಬ ಅಂತರಂಗದ ಅರಿವು ಒಂದು. ಮನಸ್ಸು ಯಾರತ್ತ ಒಲಿಯುತ್ತದೆ ಎಂಬುದು ಇನ್ನೊಂದು. ದೇಹದ ನಡೆ, ನಿಲುವು, ಕೈಬೀಸುಗಳು ಮತ್ತೊಂದು. ಮೊದಲೆರಡರಲ್ಲಿ ಬಹುಸಂಖ್ಯಾತರಿಂದ ಭಿನ್ನರಾದವರನ್ನು ಲಿಂಗತ್ವ ಮತ್ತು ಲೈಂಗಿಕ ಅಲ್ಪಸಂಖ್ಯಾತರೆಂದೂ, ಇತ್ತೀಚಿನ ಬಳಕೆಯಲ್ಲಿ ಕ್ವಿಯರ್ ಎಂದೂ ಕರೆಯುತ್ತಾರೆ. ಮೂರನೆಯದನ್ನು ಕಂಡು ಮೊದಲೆರಡನ್ನು ಊಹಿಸುವುದು ಶಾಸ್ತ್ರೀಯವಾದ ಕ್ರಮವಲ್ಲ. ಸ್ತ್ರೀವೇಷವನ್ನು ಕಟ್ಟುವ ಕಲಾವಿದನು ಗೃಹಸ್ಥನಾಗಿರಬಹುದು. ಗಡುಸಾಗಿ ನಡೆಯುವ ಹುಡುಗನೊಳಗೆ ಯಾರಿಗೂ ಹೇಳದ ಬೇರೊಂದು ಅರಿವು ಇರಬಹುದು.

ಯಕ್ಷಗಾನವನ್ನು ‘ಗಂಡುಕಲೆ’ ಎಂದು ಹೊಗಳುವುದುಂಟು. ಆದರೆ ಆ ಗಂಡುಕಲೆಯೇ ಹೆಣ್ಣಿನ ನಡೆಯನ್ನು ಗಂಡಿನ ದೇಹದಲ್ಲಿ ತಲೆಮಾರುಗಳ ಕಾಲ ಸಾಕಿಕೊಂಡು ಬಂದಿದೆ. ಮಂಟಪ ಪ್ರಭಾಕರ ಉಪಾಧ್ಯಾಯರು ಸ್ತ್ರೀಪಾತ್ರವೊಂದನ್ನೇ ಅವಲಂಬಿಸಿ ಏಕವ್ಯಕ್ತಿ ಯಕ್ಷಗಾನದ ಪ್ರಯೋಗಗಳನ್ನೇ ನಡೆಸಿರುವರು. ಪುರುಷನು ಸ್ತ್ರೀಯ ಭಾವವನ್ನು ಆಡಿ ತೋರಿಸುವುದನ್ನು ನಾಟ್ಯಶಾಸ್ತ್ರವು ಪಾತ್ರಪ್ರಕೃತಿಯ ಒಂದು ಪ್ರತ್ಯೇಕ ವರ್ಗವಾಗಿಯೇ ಗುರುತಿಸಿದೆ. ಇತ್ತ ಡೊಳ್ಳು ಕುಣಿತದಂತಹ ಗಡುಸಾದ ಕುಣಿತಗಳಲ್ಲಿ ಮಹಿಳೆಯರ ತಂಡಗಳೂ ಹುಟ್ಟಿಕೊಂಡಿವೆ. ಲಾಸ್ಯವು ಹೆಣ್ಣಿನ ದೇಹಕ್ಕೂ ತಾಂಡವವು ಗಂಡಿನ ದೇಹಕ್ಕೂ ಕಟ್ಟುಬಿದ್ದುದಲ್ಲ, ಕಲಿಕೆಯಿಂದ ಯಾವ ದೇಹಕ್ಕಾದರೂ ಬರತಕ್ಕುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೀಗಿದ್ದರೂ ರಂಗಸ್ಥಳದ ಈ ಔದಾರ್ಯಕ್ಕೆ ಒಂದು ಮಿತಿಯುಂಟು. ವಿರಾಟನ ಅರಮನೆಯಲ್ಲಿ ಅರ್ಜುನನು ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯವನ್ನು ಕಲಿಸಿದ ಪ್ರಸಂಗವನ್ನು ನೆನೆಯೋಣ. ಅಜ್ಞಾತವಾಸದ ವರ್ಷ ಕಳೆದೊಡನೆ ಬೃಹನ್ನಳೆ ಮರೆಯಾಗಿ ಅರ್ಜುನನು ಗಾಂಡೀವವನ್ನು ಹಿಡಿಯುತ್ತಾನೆ. ವೇಷಧಾರಿಯೂ ಆಟ ಮುಗಿದ ಮೇಲೆ ಚೌಕಿಯಲ್ಲಿ ಬಣ್ಣವನ್ನು ತೆಗೆದು ಮನೆಯ ದಾರಿ ಹಿಡಿಯುತ್ತಾನೆ. ವೇಷವು ಕಳಚತಕ್ಕುದೆಂಬ ಭರವಸೆಯಿರುವುದರಿಂದಲೇ ಸಭೆ ಅದನ್ನು ನಿಶ್ಚಿಂತೆಯಿಂದ ಮೆಚ್ಚುತ್ತದೆ. ಯಾರಿಗೆ ಆ ನಡೆ ವೇಷವಲ್ಲವೋ, ಸ್ವಭಾವವೋ, ಅವರಿಗೆ ಬಣ್ಣ ತೆಗೆಯುವ ಚೌಕಿ ಇಲ್ಲ. ಅವರ ಅಜ್ಞಾತವಾಸಕ್ಕೆ ಅವಧಿಯೂ ಇಲ್ಲ. ಹಗಲೆಲ್ಲ ಹೆಜ್ಜೆಯನ್ನು ಅಳೆದು, ಕೈಯನ್ನು ಬಿಗಿಹಿಡಿದು, ದನಿಯನ್ನು ತಗ್ಗಿಸಿ ನಡೆಯುವುದು ಅವರ ಪಾಲಿನ ನಿತ್ಯದ ನಟನೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಪೇಟೆಗಳಲ್ಲಿ ಈ ಶ್ರಮ ಇನ್ನೂ ಹೆಚ್ಚು.

ಇಂತಹವರಿಗೆ ನೃತ್ಯವು ಏಕೆ ಹಿಡಿಸುತ್ತದೆ? ಶೃಂಗೇರಿಯ ಹೆಸರಿಗೇ ಮೂಲವೆನ್ನಲಾದ ಋಷ್ಯಶೃಂಗನ ಕಥೆಯಲ್ಲಿ ಒಂದು ಸೂಚನೆ ದೊರೆಯುತ್ತದೆ. ಹೆಣ್ಣನ್ನೇ ಕಂಡರಿಯದ ಆ ಮುನಿಕುಮಾರನು, ಆಶ್ರಮಕ್ಕೆ ಬಂದ ಗಣಿಕೆಯನ್ನು ಸುಂದರನಾದ ಬ್ರಹ್ಮಚಾರಿಯೆಂದು ತಿಳಿದು ತಂದೆ ವಿಭಾಂಡಕನಿಗೆ ವರ್ಣಿಸುವುದು ಮಹಾಭಾರತದ ವನಪರ್ವದಲ್ಲಿದೆ. ಅವನ ಕಣ್ಣಿಗೆ ರೂಪ, ದನಿ, ಚಲನೆಗಳು ಕಂಡುವು. ಅವಕ್ಕೆ ಹೆಣ್ಣೆಂಬ ಹೆಸರು ಕಾಣಲಿಲ್ಲ. ಕುಣಿಯುವ ದೇಹವೂ ಹೀಗೆಯೇ, ಹೆಸರಿಗಿಂತ ಮೊದಲು ಚಲನೆಯನ್ನು ಮುಂದಿಡುತ್ತದೆ. ಮನೆಯವರೆದುರು ಮಾತಿನಲ್ಲಿ ಹೇಳಿದರೆ ಉತ್ತರ ಕೊಡಬೇಕಾದೀತು. ಹೆಜ್ಜೆಯಲ್ಲಿ ಹೇಳಿದರೆ ಯಾರಿಗೆ ಎಷ್ಟು ತಿಳಿಯಬೇಕೋ ಅಷ್ಟೇ ತಿಳಿಯುತ್ತದೆ.

ಎರಡನೆಯ ಕಾರಣವು ಸಮೂಹಕ್ಕೆ ಸಂಬಂಧಿಸಿದುದು. 2015ರಲ್ಲಿ ಬ್ರಾನ್ವಿನ್ ಟಾರ್ ಮತ್ತು ಸಂಗಡಿಗರು ಬ್ರೆಜಿಲ್ ದೇಶದ 264 ಮಂದಿ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಗುಂಪುಗಳಲ್ಲಿ ಕುಣಿಸಿ ನಡೆಸಿದ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಲಯದಲ್ಲಿ ಕೂಡಿ ಚಲಿಸುವುದು, ಶ್ರಮಪಟ್ಟು ಕುಣಿಯುವುದು ಇವೆರಡೂ ಬೇರೆ ಬೇರೆಯಾಗಿಯೇ ನೋವನ್ನು ತಾಳುವ ಶಕ್ತಿಯನ್ನೂ ಪರಸ್ಪರ ಆಪ್ತತೆಯನ್ನೂ ಹೆಚ್ಚಿಸಿದುವು. ಕೋಲಾಟದಲ್ಲಿ ಕೋಲಿಗೆ ಕೋಲು ತಾಗಿಸಿದವರಿಗೆ ಇದು ಅನುಭವದಿಂದಲೇ ವಿದಿತ. ಒಂಟಿಯಾಗಿ ಕನ್ನಡಿಯೆದುರು ಕುಣಿದರೆ ಮನಸ್ಸು ಹಗುರವಾದೀತು. ಸಂಗಡ ಕುಣಿದರೆ ತನಗೊಂದು ಬಳಗವಿದೆ ಎಂಬ ಅರಿವು ಹುಟ್ಟುತ್ತದೆ.

ಬಳಗದ ಈ ಮಹತ್ತ್ವಕ್ಕೆ ಕನ್ನಡನಾಡಿನಲ್ಲಿ ಅತ್ಯಂತ ಪ್ರಸಿದ್ಧವಾದ ಉದಾಹರಣೆಯನ್ನು ಮಲೆನಾಡಿನ ಆಚೆ, ಬಯಲುಸೀಮೆಯ ಜೋಗತಿ ನೃತ್ಯದಲ್ಲಿ ಕಾಣುತ್ತೇವೆ. ಎಲ್ಲಮ್ಮನ ಹೆಸರಿನಲ್ಲಿ ಚೌಡಿಕೆಯ ದನಿಗೆ, ತಲೆಯ ಮೇಲೆ ಕೊಡವನ್ನು ಹೊತ್ತು ಕುಣಿಯುವ ಕಲೆಯಿದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಹರೆಯದಲ್ಲಿಯೇ ಮನೆಯ ಆಶ್ರಯವನ್ನು ಕಳೆದುಕೊಂಡು, ಕಾಳವ್ವ ಜೋಗತಿಯವರ ತಂಡದಲ್ಲಿ ಈ ಕುಣಿತವನ್ನು ಬೆಳೆಸಿಕೊಂಡರು. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಪ್ರಶಸ್ತಿಯನ್ನು ಸ್ವೀಕರಿಸುವಾಗ ಅವರು ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದುದು ನಾಡಿನ ಗಮನವನ್ನು ಸೆಳೆಯಿತು. ತಮ್ಮ ಬಳಗದಿಂದ ಬಂದ ನಡೆಯನ್ನು ಅವರು ರಾಷ್ಟ್ರಪತಿ ಭವನದ ಬಾಗಿಲಲ್ಲಿ ಕಳಚಿಡಲಿಲ್ಲ. ಇಲ್ಲಿ ನೃತ್ಯವು ವೇಷವಾಗಿರದೆ ಬಾಳೇ ಆಗಿತ್ತು. ಆದರೆ ಈ ಆಶ್ರಯಕ್ಕೆ ತೆತ್ತ ಬೆಲೆಯನ್ನೂ ಮರೆಯಲಾಗದು. ಮನೆಯನ್ನು ಕಳೆದುಕೊಂಡ ಮೇಲೆ ದೊರೆತ ಬಳಗವದು. ಮನೆಯನ್ನೂ ಓದನ್ನೂ ಬಿಡದೆಯೇ ಅಂತಹ ಬಳಗ ದೊರೆಯಲು ಸಾಧ್ಯವೆ ಎಂಬುದು ಇಂದಿನ ಪ್ರಶ್ನೆ.

ಕಾನೂನು ಈ ದಿಕ್ಕಿನಲ್ಲಿ ಕೆಲಮಟ್ಟಿಗೆ ದಾರಿಮಾಡಿದೆ. 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಲಿಂಗತ್ವದ ಸ್ವಯಂ ನಿರ್ಧಾರವನ್ನು ಹಕ್ಕೆಂದು ಎತ್ತಿಹಿಡಿಯಿತು. ಉಡುಪು, ಮಾತು, ನಡವಳಿಕೆಗಳ ಮೂಲಕ ಅದನ್ನು ವ್ಯಕ್ತಪಡಿಸುವುದು ವಾಕ್ ಸ್ವಾತಂತ್ರ್ಯದ ಭಾಗವೆಂದೂ ಹೇಳಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. 2021ರಲ್ಲಿ ಕರ್ನಾಟಕ ಸರ್ಕಾರವು ತನ್ನ ನೇಮಕಾತಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರಷ್ಟು ಮೀಸಲಾತಿಯನ್ನು ಕಲ್ಪಿಸಿತು. ಆದರೆ ಕಾಲೇಜಿನ ಅಂಗಳದ ನಗೆಯನ್ನು ತಡೆಯುವ ಕೆಲಸವು ನ್ಯಾಯಾಲಯದ್ದಲ್ಲ, ಅಧ್ಯಾಪಕರದು ಮತ್ತು ಸಹಪಾಠಿಗಳದು.

ಆ ಕೆಲಸಕ್ಕೆ ಹೆಚ್ಚಿನ ಸಾಧನಗಳೇನೂ ಬೇಕಿಲ್ಲ. ವಾರ್ಷಿಕೋತ್ಸವದ ಕುಣಿತಗಳಲ್ಲಿ ಪಾತ್ರವನ್ನು ಹಂಚುವಾಗ ಹುಡುಗರಿಗಿದು, ಹುಡುಗಿಯರಿಗಿದು ಎಂದು ಮೊದಲೇ ಗೆರೆ ಎಳೆಯದಿರುವುದು; ಸ್ತ್ರೀವೇಷವನ್ನು ಹಾಸ್ಯಕ್ಕಾಗಿಯೇ ಮೀಸಲಿಡದಿರುವುದು; ಅಭ್ಯಾಸದ ಕೊಠಡಿಯಲ್ಲಿ ಅಣಕವನ್ನು ಮೊದಲ ದಿನವೇ ನಿಲ್ಲಿಸುವುದು; ಲಾಸ್ಯವನ್ನು ಆಯ್ದುಕೊಂಡ ಹುಡುಗನನ್ನೂ ತಾಂಡವವನ್ನು ಆಯ್ದುಕೊಂಡ ಹುಡುಗಿಯನ್ನೂ ಕಾರಣ ಕೇಳದಿರುವುದು: ಇಷ್ಟು ಸಾಕು. ವಿದ್ಯಾರ್ಥಿಯೊಬ್ಬನು ನಂಬಿ ಹೇಳಿಕೊಂಡ ಮಾತನ್ನು ಅವನ ಒಪ್ಪಿಗೆಯಿಲ್ಲದೆ ಮನೆಗಾಗಲಿ ಇತರ ಅಧ್ಯಾಪಕರಿಗಾಗಲಿ ಮುಟ್ಟಿಸಬಾರದು. ಒಳ್ಳೆಯ ಉದ್ದೇಶದಿಂದ ಹಾಗೆ ಮಾಡಿದರೂ ಅವನ ಊಟ, ವಸತಿ, ಓದು ಮೂರಕ್ಕೂ ಕುತ್ತು ಬರಬಹುದು.

ವೇಷವನ್ನು ಮೆಚ್ಚುವ ರಸಿಕತೆ ಈ ನೆಲದಲ್ಲಿ ಆಗಲೇ ಇದೆ. ಅದನ್ನು ಹೊರಗಿನಿಂದ ತರಬೇಕಾಗಿಲ್ಲ. ರಂಗಸ್ಥಳದಲ್ಲಿ ಒಂದು ರಾತ್ರಿ ತೋರಿದ ಗೌರವವನ್ನು ಮರುದಿನ ತರಗತಿಯಲ್ಲಿ, ಬಸ್ಸು ನಿಲ್ದಾಣದಲ್ಲಿ, ಮನೆಯ ಜಗುಲಿಯಲ್ಲಿ ತೋರುವುದಷ್ಟೇ ಉಳಿದಿರುವ ಹೆಜ್ಜೆ. ಅದನ್ನು ಇಡಬೇಕಾದವರು ಕುಣಿಯುವವರಲ್ಲ, ನೋಡುವವರು.