ಬಣ್ಣಕ್ಕೆ ಹೂವು, ಪರಿಮಳಕ್ಕೆ ಬೇರು

ಖಂಡೆ ಪೂಜೆಯ ಮರುದಿನ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಮಗ್ಗಕ್ಕೆ ಹಾಕಿದ ಚೆಂಡುಹೂವಿನ ಮಾಲೆಗಳು ಇನ್ನೂ ಹಸಿಯಾಗಿಯೇ ಇರುತ್ತವೆ. ಜಮಖಂಡಿಯ ಅಂಗಡಿ ಬಾಗಿಲಿಗೆ, ಮುಧೋಳದ ಕಬ್ಬಿನ ಟ್ರ್ಯಾಕ್ಟರಿಗೆ, ಬೀಳಗಿಯ ಚಕ್ಕಡಿಗೆ ಎಲ್ಲೆಲ್ಲೂ ಅದೇ ಕೇಸರಿ, ಅದೇ ಹಳದಿ. ಬನ್ನಿ ಕೊಟ್ಟು ಬಂಗಾರದಂತಿರೋಣ ಎಂದು ಹರಸಿ ಹಬ್ಬ ಮುಗಿಸಿದ ಮೇಲೆ ಈ ಹೂವೆಲ್ಲ ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ತಿಪ್ಪೆಗೆ, ಒಂದಿಷ್ಟು ಗಟಾರಕ್ಕೆ. ದೇವರ ಮೇಲಿನದನ್ನು ತುಳಿಯಬಾರದೆಂಬ ಭಕ್ತಿಯಿಂದ ಕೃಷ್ಣೆಗೋ ಘಟಪ್ರಭೆಗೋ ಬಿಡುವವರೂ ಇದ್ದಾರೆ. ನೀರಿಗೆ ಬಿದ್ದ ಮಾಲೆ ದಾರದ ಸಮೇತ ಅಲ್ಲೇ ಕೊಳೆಯುತ್ತದೆ. ಅದೇ ಮಾಲೆಯನ್ನು ನೆರಳಲ್ಲಿ ಒಣಗಿಸಿ, ಜೊತೆಗೆ ನಾಲ್ಕಾರು ಬೇರು, ಮಸಾಲೆ ಕೂಡಿಸಿದರೆ ಪಡಸಾಲೆ ತಿಂಗಳುಗಟ್ಟಲೆ ಘಮಘಮಿಸುತ್ತದೆ.

ಯುರೋಪಿನಲ್ಲಿ ಇಂಥ ಮಿಶ್ರಣಕ್ಕೆ ‘ಪೊಪುರಿ’ ಎನ್ನುತ್ತಾರೆ. ಅಲ್ಲಿ ಅರೆಬಾಡಿದ ಗುಲಾಬಿ ಪಕಳೆಗಳನ್ನು ಉಪ್ಪಿನೊಂದಿಗೆ ಪದರಪದರವಾಗಿ ಜಾಡಿಯಲ್ಲಿ ಹುದುಗಿಸುವ ಹಸಿ ವಿಧಾನವೂ ಇದೆ, ಪೂರ್ತಿ ಒಣಗಿಸಿ ಬೆರೆಸುವ ಒಣ ವಿಧಾನವೂ ಇದೆ. ಹೆಸರು ಹೊರಗಿನದಾದರೂ ಮನೆಗೆ ಸುಗಂಧ ಕೂಡಿಸುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಲೇಪನಕ್ಕೆ, ಧೂಪಕ್ಕೆ ಬೇಕಾದ ಸುಗಂಧ ದ್ರವ್ಯಗಳ ವಿವರಗಳಿವೆ. ಪಕ್ಕದ ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಹೆಸರಿನೊಂದಿಗೆ ‘ಇತ್ರ್-ಇ-ನೌರಸ್ ಶಾಹಿ’ ಎಂಬ ಪರ್ಷಿಯನ್ ಗ್ರಂಥವೇ ಸೇರಿಕೊಂಡಿದೆ. ಕೋಣೆಗೆ ಪರಿಮಳ ತುಂಬುವುದು ಅದರ ವಿಷಯಗಳಲ್ಲಿ ಒಂದು. ಅರಮನೆಗೆ ಒಗ್ಗಿದ್ದ ಆ ವಿದ್ಯೆ ನಮ್ಮ ಅಡುಗೆಮನೆ, ಹಿತ್ತಲಿಗೂ ಒಗ್ಗುತ್ತದೆ.

ಬಿಸಿಲಿನ ನಾಡಿಗೆ ಒಲಿದ ಕೆಲಸ

ಹೂ ಒಣಗಿಸುವವರಿಗೆ ದೊಡ್ಡ ಶತ್ರು ಗಾಳಿಯಲ್ಲಿನ ತೇವ. ಕರಾವಳಿಯಲ್ಲಿ ಒಣಗಲು ಹರಡಿದ ಪಕಳೆಗೆ ಬೂಷ್ಟು ಹಿಡಿಯುವ ಭಯ ಸದಾ ಇರುತ್ತದೆ. ಮಳೆನೆರಳಿನ ಬಾಗಲಕೋಟೆ ಸೀಮೆಯಲ್ಲಿ ಆ ಚಿಂತೆ ಕಡಿಮೆ. ದೀಪಾವಳಿಯ ನಂತರ ಬೀಸುವ ಒಣಗಾಳಿ, ಚೈತ್ರದ ಬಿರುಬಿಸಿಲು ಎರಡೂ ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಹಾಗೆಂದು ಹೂವನ್ನು ನೇರ ಬಿಸಿಲಿಗೆ ಹಾಕಬಾರದು. ಕೆಂಪು ಗುಲಾಬಿ ಬಿಸಿಲಿಗೆ ಕಂದಿ ಕಂದುಬಣ್ಣಕ್ಕೆ ತಿರುಗುತ್ತದೆ, ಇದ್ದಬದ್ದ ವಾಸನೆಯೂ ಹಾರಿಹೋಗುತ್ತದೆ. ಮಣ್ಣಿನ ಮಾಳಿಗೆ ಮನೆಯ ಪಡಸಾಲೆಯಂಥ ಜಾಗ ಬೇಕು: ನೆರಳಿರಬೇಕು, ಗಾಳಿ ಆಡಬೇಕು.

ಕೃಷ್ಣಾ ತೀರದ ಈ ಭಾಗಕ್ಕೆ ಹಬ್ಬದ ಪಂಚಾಂಗವೇ ಹೂವಿನ ಪಂಚಾಂಗ. ಮಹಾನವಮಿ, ದೀಪಾವಳಿಗೆ ಚೆಂಡುಹೂ, ಸೇವಂತಿಗೆ. ಚೈತ್ರದಲ್ಲಿ ದವನದ ಹುಣ್ಣಿಮೆ. ದವನ ಚಿಕ್ಕ ಗಿಡ, ಬೂದುಹಸಿರು ಎಲೆ. ದೇವರಿಗೆ ಏರಿಸಿದ ಬಳಿಕ ಬಾಡಿದಷ್ಟೂ ಅದರ ವಾಸನೆ ಗಾಢವಾಗುತ್ತದೆ. ಸಣ್ಣ ಕಟ್ಟು ಕಟ್ಟಿ ತಲೆಕೆಳಗಾಗಿ ತೂಗುಹಾಕಿದರೆ ಸಾಕು, ಕಾಂಡದ ತೇವ ಆರಿ ಎಲೆ ಪುಡಿಯಾಗದೆ ಉಳಿಯುತ್ತದೆ. ಮರುಗ, ತುಳಸಿ, ಕಾಮಕಸ್ತೂರಿಗೂ ಇದೇ ಕ್ರಮ.

ಚೆಂಡುಹೂವನ್ನು ಇಡಿಯಾಗಿ ಒಣಗಿಸಲು ಹೋದರೆ ಹಸಿರು ತೊಟ್ಟಿನೊಳಗೆ ತೇವ ಉಳಿದು ಹುಳ ಬೀಳುತ್ತದೆ. ತೊಟ್ಟನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಪಕಳೆಗಳನ್ನು ಒಟ್ಟಿಗೆ ಎಳೆದರೆ ಗೊಂಚಲಾಗಿ ಕಿತ್ತುಬರುತ್ತವೆ. ಅವನ್ನು ಮೊರದಲ್ಲೋ ಹಳೆಯ ಹತ್ತಿ ಸೀರೆಯ ಮೇಲೋ ಒಂದೇ ಪದರಾಗಿ ಹರವಿ, ದಿನಕ್ಕೊಮ್ಮೆ ಕೈಯಾಡಿಸಬೇಕು. ನಾಲ್ಕೈದು ದಿನಗಳಲ್ಲಿ ಪಕಳೆ ಸುರುಟಿ, ಮುಷ್ಟಿಯಲ್ಲಿ ಹಿಡಿದರೆ ಗರಗರ ಎನ್ನುತ್ತದೆ. ಮೆತ್ತಗೆ ಬಾಗಿದರೆ ಇನ್ನೂ ಎರಡು ದಿನ ಬಿಡಬೇಕು. ಚೆಂಡುಹೂವಿನ ಹಳದಿ, ಕೇಸರಿ ಬಣ್ಣಗಳು ಒಣಗಿದ ಮೇಲೂ ಬಹುಕಾಲ ನಿಲ್ಲುತ್ತವೆ. ಮಲ್ಲಿಗೆ, ಸುಗಂಧರಾಜಗಳನ್ನು ಈ ಕೆಲಸಕ್ಕೆ ಬಳಸದಿರುವುದೇ ಲೇಸು; ಅವು ಕಪ್ಪಗಾಗಿ ವಾಸನೆಯನ್ನೂ ಕಳೆದುಕೊಳ್ಳುತ್ತವೆ. ಕುಂಕುಮ, ಹಾಲು, ನೀರು ತಾಗಿದ ಹೂ ಕೂಡ ಬೇಡ. ಅದು ಗೊಬ್ಬರದ ಗುಂಡಿಗೆ ಹೋಗಲಿ.

ವಾಸನೆ ಹಿಡಿದಿಡುವ ಗುಟ್ಟು

ಇಷ್ಟು ಮಾಡಿ ಪಕಳೆಗಳನ್ನು ಬಟ್ಟಲಿಗೆ ಸುರಿದಿಟ್ಟವರು ವಾರದಲ್ಲೇ ನಿರಾಶರಾಗುತ್ತಾರೆ. ಕಣ್ಣಿಗೆ ಚೆಂದ, ಮೂಗಿಗೆ ಏನೂ ಇಲ್ಲ. ಹೂವಿನ ಪರಿಮಳದ ಅಂಶಗಳು ಹಗುರ, ಬೇಗ ಆವಿಯಾಗುತ್ತವೆ. ಬೇರು, ಅಂಟುಗಳಲ್ಲಿನ ಅಂಶಗಳು ಭಾರ, ನಿಧಾನವಾಗಿ ಬಿಡುಗಡೆಯಾಗುತ್ತವೆ ಮತ್ತು ಹಗುರವಾದವನ್ನೂ ತಮ್ಮೊಂದಿಗೆ ತಡೆದು ನಿಲ್ಲಿಸುತ್ತವೆ. ಯುರೋಪಿನವರು ಇದಕ್ಕೆ ಐರಿಸ್ ಗಿಡದ ಗಡ್ಡೆ ಬಳಸುತ್ತಾರೆ. ಅದನ್ನು ಹುಡುಕುತ್ತ ನಾವು ಎಲ್ಲಿಗೂ ಹೋಗಬೇಕಿಲ್ಲ. ಕೂಸಿರುವ ಮನೆಯಲ್ಲಿ ತೇಯ್ದು ನೆಕ್ಕಿಸುತ್ತಿದ್ದ ಬಜೆ ಅದೇ ಕೆಲಸ ಮಾಡುತ್ತದೆ. ಲಾವಂಚದ ಬೇರು ಮಾಡುತ್ತದೆ, ಲೋಬಾನ ಮಾಡುತ್ತದೆ.

ಇನ್ನೊಂದು ಬೇರಂತೂ ನಮ್ಮ ರೈತರ ಕಾಲಡಿಯಲ್ಲೇ ಇದೆ. ಕಬ್ಬಿನ ಗದ್ದೆಯಲ್ಲಿ ಎಷ್ಟು ಕಿತ್ತರೂ ಮತ್ತೆ ಚಿಗುರುವ ಜೇಕಿನ ಗಡ್ಡೆಯೇ ಭದ್ರಮುಷ್ಟಿ. ಸುಗಂಧ ವ್ಯಾಪಾರದಲ್ಲಿ ‘ನಾಗರಮೋಥಾ’ ಎಂಬ ಹೆಸರಿನಲ್ಲಿ ಇದೂ ಮಾರಾಟವಾಗುತ್ತದೆ. ಕಳೆ ತೆಗೆದಾಗ ಸಿಕ್ಕ ಗಡ್ಡೆಗಳನ್ನು ಚೆನ್ನಾಗಿ ತೊಳೆದು, ಮೇಲಿನ ನಾರು ಸುಟ್ಟು ಅಥವಾ ಉಜ್ಜಿ ತೆಗೆದು, ಸೀಳಿ ಒಣಗಿಸಿದರೆ ಮಣ್ಣು ಮತ್ತು ಮರ ಬೆರೆತಂಥ ತಂಪು ವಾಸನೆ ಬರುತ್ತದೆ. ಕಳೆನಾಶಕ ಹೊಡೆದ ಹೊಲದ್ದನ್ನು ಮಾತ್ರ ಬಳಸಬಾರದು.

ಬೆರೆಸುವ ಅಳತೆ

ಒಣಗಿದ ಪಕಳೆ 4 ಬಟ್ಟಲು. ಇದರಲ್ಲಿ ಅರ್ಧ ಚೆಂಡುಹೂ, ಉಳಿದದ್ದು ಗುಲಾಬಿ, ಸೇವಂತಿಗೆ. ದವನ, ಮರುಗ, ತುಳಸಿ ಎಲ್ಲ ಸೇರಿ 1 ಬಟ್ಟಲು. ಒಳಗಿನ ಬಿಳಿ ಭಾಗ ತೆಗೆದು ಒಣಗಿಸಿದ ನಿಂಬೆ, ಮೋಸಂಬಿ ಸಿಪ್ಪೆ ಅರ್ಧ ಬಟ್ಟಲು. ಬಜೆ, ಲಾವಂಚ, ಜೇಕಿನ ಗಡ್ಡೆ ಸೇರಿ 4 ದೊಡ್ಡ ಚಮಚ. ಇವನ್ನು ತರಿತರಿಯಾಗಿ ಜಜ್ಜಬೇಕು, ನುಣ್ಣಗೆ ಪುಡಿ ಮಾಡಿದರೆ ಪಕಳೆಗೆಲ್ಲ ಧೂಳಿನಂತೆ ಮೆತ್ತಿಕೊಳ್ಳುತ್ತದೆ. ಲವಂಗ 1 ಚಮಚ, ಚಕ್ಕೆ 2 ತುಂಡು, ಚಕ್ರಮೊಗ್ಗು 4–5, ಜಜ್ಜಿದ ಜಾಯಿಕಾಯಿ ಅರ್ಧ. ಯಾಲಕ್ಕಿ ಕಾಳು ಅಡುಗೆಗಿರಲಿ, ಸಿಪ್ಪೆ ಇಲ್ಲಿಗೆ ಬರಲಿ.

ಸುಗಂಧ ತೈಲ ಹಾಕುವುದಿದ್ದರೆ 8–10 ಹನಿ ಸಾಕು. ಅದನ್ನು ಪಕಳೆಯ ಮೇಲೆ ಸುರಿಯದೆ ಜಜ್ಜಿದ ಬೇರಿಗೆ ಹಾಕಿ ಒಂದು ರಾತ್ರಿ ಮುಚ್ಚಿಟ್ಟು ಆಮೇಲೆ ಎಲ್ಲವನ್ನೂ ಕೂಡಿಸಬೇಕು. ಮಿಶ್ರಣವನ್ನು ಗಾಜಿನ ಬರಣಿಯ ಮುಕ್ಕಾಲು ಭಾಗದಷ್ಟು ತುಂಬಿ, ಬಿಗಿಯಾಗಿ ಮುಚ್ಚಿ, ಕತ್ತಲ ಮೂಲೆಯಲ್ಲಿ 4ರಿಂದ 6 ವಾರ ಇಡಬೇಕು. ಎರಡು ದಿನಕ್ಕೊಮ್ಮೆ ಬರಣಿ ಕುಲುಕಬೇಕು. ಮೊದಲ ವಾರ ಮುಚ್ಚಳ ತೆಗೆದರೆ ಲವಂಗವೊಂದೇ ಮೂಗಿಗೆ ಹೊಡೆಯುತ್ತದೆ. ತಿಂಗಳು ಕಳೆದ ಮೇಲೆ ಯಾವುದು ದವನ, ಯಾವುದು ಚಕ್ಕೆ ಎಂದು ಬೇರ್ಪಡಿಸಲಾಗದಂತೆ ಎಲ್ಲ ಒಂದಾಗಿರುತ್ತದೆ. ಆಗ ಮಣ್ಣಿನ ಪರಿಯಾಣದಲ್ಲಿ ಹರವಿ ಪಡಸಾಲೆಯಲ್ಲಿಡಬಹುದು. ಫ್ಯಾನಿನ ಕೆಳಗೆ, ಕಿಟಕಿಯ ಬಿಸಿಲಿಗೆ ಇಡಬಾರದು. ವಾಸನೆ ಕುಂದಿದಾಗ ಕೈಯಾಡಿಸಿದರೆ ಮತ್ತೆ ಏಳುತ್ತದೆ.

ಸೀರೆಯ ಟ್ರಂಕಿಗೂ ಬೇಕು

ಹಿಂದೆ ಟ್ರಂಕಿನ ಸೀರೆಗಳ ನಡುವೆ ಕೇದಗೆಯ ಎಸಳು, ಲಾವಂಚದ ಕಟ್ಟು ಇಡುತ್ತಿದ್ದರು. ಆ ಜಾಗವನ್ನು ಡಾಂಬರ ಗುಳಿಗೆ ಕಸಿದುಕೊಂಡಿತು. ಅದರಲ್ಲಿ ಸಾಮಾನ್ಯವಾಗಿ ಇರುವ ನ್ಯಾಫ್ತಲೀನ್ ಮಕ್ಕಳ ಬಾಯಿಗೆ ಹೋದರೆ ಅಪಾಯ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಿಗೆ ಆ ಗುಳಿಗೆ ಹಾಕಿಟ್ಟ ಬಟ್ಟೆ ಹೊದಿಸುವುದರಿಂದಲೂ ರಕ್ತಕಣಗಳು ಒಡೆಯಬಹುದು. ಬನಹಟ್ಟಿಯ ಹತ್ತಿ ಸೀರೆಯ ತುಂಡಿನಲ್ಲೋ ಗುಳೇದಗುಡ್ಡ ಖಣದ ಚೂರಿನಲ್ಲೋ ಅಂಗೈಯಗಲದ ಚೀಲ ಹೊಲಿದು ನಮ್ಮ ಮಿಶ್ರಣ ತುಂಬಿಟ್ಟರೆ ಬಟ್ಟೆಗೆ ಪರಿಮಳವೂ ಬರುತ್ತದೆ, ಲವಂಗ, ಬಜೆಯ ಘಾಟಿಗೆ ಹುಳುಗಳ ಕಾಟವೂ ತಗ್ಗುತ್ತದೆ. ಆದರೆ ಇದೂ ತಿನ್ನುವ ವಸ್ತುವಲ್ಲ. ಮಾರುಕಟ್ಟೆಯ ಹೂವಿಗೆ ಕೀಟನಾಶಕ ಸಿಂಪಡಿಸಿರುತ್ತಾರೆ, ಸುಗಂಧ ತೈಲವೂ ಹೊಟ್ಟೆಗೆ ಹೋಗಬಾರದು. ಮಕ್ಕಳ ಕೈಗೆ, ಬೆಕ್ಕಿನ ಬಾಯಿಗೆ ಎಟುಕದಂತೆ ಇಡಬೇಕು.

ಇದು ನಾಲ್ಕು ಜನ ಕೂಡಿ ಮಾಡಬಹುದಾದ ಕೆಲಸವೂ ಹೌದು. ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ರೈತರೇ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿಕೊಂಡ ತಾಲ್ಲೂಕು ಜಮಖಂಡಿ. ಕೂಡಿ ದುಡಿಯುವುದನ್ನು ಇಲ್ಲಿನವರಿಗೆ ಯಾರೂ ಕಲಿಸಬೇಕಿಲ್ಲ. 2008ರಲ್ಲಿ ಆರಂಭವಾದ ತೋಟಗಾರಿಕೆ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ಹೂವು ಬೆಳೆಯುವವರು, ಚೀಲ ಹೊಲಿಯಬಲ್ಲವರು, ಬಟ್ಟೆ ನೇಯುವವರು ಒಂದೇ ಜಿಲ್ಲೆಯಲ್ಲಿರುವಾಗ ಸ್ವಸಹಾಯ ಸಂಘಗಳು ಇದನ್ನು ಕೈಗೆತ್ತಿಕೊಳ್ಳಬೇಕು. ಬನಹಟ್ಟಿಯ ಕಾಡಸಿದ್ಧೇಶ್ವರ, ಮಹಾಲಿಂಗಪುರದ ಮಹಾಲಿಂಗೇಶ್ವರರಂಥ ದೇವಸ್ಥಾನಗಳಲ್ಲಿ ನೀರು ತಾಗದ ಮಾಲೆಗಳಿಗೆಂದೇ ಒಂದು ಬುಟ್ಟಿ ಬೇರೆ ಇಟ್ಟರೆ ಅರ್ಧ ಕೆಲಸ ಆದಂತೆ.

ಮೊದಲ ಸಲ ಮಾಡುವವರು ಒಂದೇ ಬರಣಿಯಿಂದ ಶುರುಮಾಡಿ. ದುಬಾರಿ ತೈಲಕ್ಕೆ ಕೊಡುವ ದುಡ್ಡನ್ನು ಒಳ್ಳೆಯ ಲಾವಂಚ, ಬಜೆಗೆ ಕೊಡಿ. ನಾಲ್ಕು ವಾರ ಮುಗಿಯುವ ಮೊದಲು ಬರಣಿಯನ್ನು ಬಳಕೆಗೆ ತೆಗೆಯಬೇಡಿ.