ಮುಂಗಡ ಪಡೆದ ಆಳು ಜೀತದಾಳಲ್ಲ

ಕಬ್ಬು ಕಡಿಸುವ ಹಾಗೂ ಆಲೆಮನೆ ನಡೆಸುವ ರೈತರು ತಿಳಿದಿರಬೇಕಾದ ಕಾನೂನು

ಶಿವನಸಮುದ್ರದ ಬ್ಲಫ್ ಕಡೆಯಿಂದ ಮಳವಳ್ಳಿ, ಮದ್ದೂರಿನವರೆಗೆ ಭತ್ತ, ಕಬ್ಬು ಬೆಳೆಯುವ ರೈತರಿಗೆ ಆಳಿನ ಚಿಂತೆ ಹೊಸದೇನಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗಕ್ಕೆ ನೀರು ತಡವಾಗಿ ಮುಟ್ಟುತ್ತದೆ. ಮುಟ್ಟಿದಾಗ ಎಲ್ಲರ ಗದ್ದೆಯೂ ಒಟ್ಟಿಗೇ ನಾಟಿಗೆ ಬರುತ್ತದೆ. ಕಬ್ಬಿನ ಕಟಾವಿನದೂ ಇದೇ ಕಥೆ. ಆದುದರಿಂದ ಹಂಗಾಮಿಗೆ ಮೊದಲೇ ಮುಂಗಡ ಕೊಟ್ಟು ಆಳು ಗೊತ್ತುಮಾಡಿಕೊಳ್ಳುವುದು ವಾಡಿಕೆಯಾಗಿದೆ. ಆಲೆಮನೆಗಳಿಗಂತೂ ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಸಂಸಾರ ಸಮೇತ ಆಳುಗಳು ಬರುತ್ತಾರೆ.

ಮುಂಗಡ ಕೊಡುವುದು ತಾನಾಗಿಯೇ ಅಪರಾಧವಲ್ಲ. ಕೊಟ್ಟ ಮೇಲೆ ಆಳನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರ ಮೇಲೆ ಅದು ಅಪರಾಧವಾಗುತ್ತದೆ. ಈ ಗೆರೆಯನ್ನು ಅರಿಯದೆ ದಾಟುವ ರೈತರಿದ್ದಾರೆ.

ಜೀತ ಪದ್ಧತಿಯನ್ನು ದೇಶದಾದ್ಯಂತ 1975ರ ಅಕ್ಟೋಬರ್ 25ರಿಂದ ರದ್ದು ಮಾಡಲಾಯಿತು. ಮೊದಲು ಸುಗ್ರೀವಾಜ್ಞೆಯಾಗಿದ್ದುದು 1976ರಲ್ಲಿ ಕಾಯಿದೆಯಾಯಿತು. ಅದು ಇಂದಿಗೂ ಜಾರಿಯಲ್ಲಿದೆ. ಜೀತವೆಂದರೆ ತಲೆತಲಾಂತರದಿಂದ ಒಡೆಯನ ಕೊಟ್ಟಿಗೆಯಲ್ಲಿ ದುಡಿಯುವುದು ಮಾತ್ರ ಎಂದು ಹಲವರ ನಂಬಿಕೆ. ಕಾಯಿದೆಯ ಅರ್ಥ ಅದಕ್ಕಿಂತ ವಿಶಾಲವಾದುದು. ಸಾಲ ಅಥವಾ ಮುಂಗಡದ ಕಾರಣದಿಂದ ಆಳು ಕೂಲಿಯಿಲ್ಲದೆ ಅಥವಾ ನಾಮಮಾತ್ರ ಕೂಲಿಗೆ ದುಡಿದರೆ, ಬೇರೆಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೆ, ಇಲ್ಲವೇ ಮನಬಂದಂತೆ ಓಡಾಡುವ ಹಕ್ಕು ಕಳೆದುಕೊಂಡರೆ ಅದು ಜೀತವೇ. ಇವುಗಳಲ್ಲಿ ಒಂದಿದ್ದರೂ ಸಾಕು. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆಯಾದುದೆಲ್ಲ ನಾಮಮಾತ್ರ ಕೂಲಿ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟು 1982ರಲ್ಲಿಯೇ ತೀರ್ಪು ಕೊಟ್ಟಿದೆ.

ಹಾಗೆ ಜೀತವೆಂದು ಕಂಡುಬಂದರೆ ಕೊಟ್ಟ ಹಣ ಪೂರ್ತಿ ರದ್ದಾಗುತ್ತದೆ. ಮೂರು ವರ್ಷಗಳವರೆಗೆ ಸಜೆ, ಜೊತೆಗೆ ದಂಡ ವಿಧಿಸಬಹುದು. ಛಾಪಾ ಕಾಗದದ ಮೇಲೆ ಕರಾರು ಬರೆಸಿಕೊಂಡಿದ್ದೇನೆ ಎಂಬ ಧೈರ್ಯ ಬೇಡ, ಅಂಥ ಕರಾರಿಗೆ ಬೆಲೆಯಿಲ್ಲ. ಇನ್ನೊಂದು ಮುಖ್ಯ ಅಂಶವೆಂದರೆ, ಆಳು ಇದು ಜೀತದ ಸಾಲವೆಂದು ಹೇಳಿದಲ್ಲಿ ಅಲ್ಲವೆಂದು ರುಜುವಾತು ಮಾಡುವ ಹೊಣೆ ಹಣ ಕೊಟ್ಟವನದು. ಲೆಕ್ಕದ ಪುಸ್ತಕವಿಲ್ಲದ ರೈತ ಇಲ್ಲಿ ಸಿಕ್ಕಿಬೀಳುತ್ತಾನೆ.

ಲೆಕ್ಕ ಇಡುವುದು ಹೇಗೆ?

ಹಿಂದಿನ ಕನಿಷ್ಠ ಕೂಲಿ ಹಾಗೂ ಸಮಾನ ವೇತನ ಕಾಯಿದೆಗಳ ಬದಲಿಗೆ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಎಲ್ಲ ಬಗೆಯ ಕಡಿತಗಳೂ ಸೇರಿ ಕೂಲಿಯ ಅರ್ಧವನ್ನು ಮೀರಬಾರದು. ಕೆಲಸಕ್ಕೆ ಬರುವ ಮುನ್ನ ಕೊಟ್ಟ ಮುಂಗಡದಲ್ಲಿ ಪ್ರಯಾಣದ ವೆಚ್ಚಕ್ಕೆಂದು ಕೊಟ್ಟುದನ್ನು ಮುರಿದುಕೊಳ್ಳುವಂತೆಯೇ ಇಲ್ಲ. ಲಾರಿ ಬಾಡಿಗೆಯನ್ನು ಆಳಿನ ಖಾತೆಗೆ ಬರೆಯುವವರು ಇದನ್ನು ಗಮನಿಸಬೇಕು. ದಿನಗೂಲಿಯನ್ನು ಆ ದಿನದ ಕೆಲಸ ಮುಗಿದಾಗಲೂ, ವಾರದ ಕೂಲಿಯನ್ನು ವಾರದ ರಜೆಗೆ ಮುಂಚೆಯೂ ಕೊಡತಕ್ಕದ್ದು. ಕನಿಷ್ಠ ಕೂಲಿಯ ದರ ಆಗಾಗ ಬದಲಾಗುವುದರಿಂದ ಹಂಗಾಮಿನ ಆರಂಭದಲ್ಲಿ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಗಂಡ ಹೆಂಡತಿಯನ್ನು ಒಂದು ಜೋಡಿಯೆಂದು ಎಣಿಸಿ ಕೂಲಿಯನ್ನೆಲ್ಲ ಗಂಡನ ಕೈಗಿಡುವ ರೂಢಿಯಿದೆ. ಇದು ಸರಿಯಲ್ಲ. ಹೆಂಗಸಿಗೆ ಪ್ರತ್ಯೇಕ ಪುಟ, ಪ್ರತ್ಯೇಕ ಕೂಲಿ ಇರಬೇಕು. ಒಂದೇ ಬಗೆಯ ಕೆಲಸಕ್ಕೆ ಒಂದೇ ದರ. ಗಂಡ ಪಡೆದ ಮುಂಗಡಕ್ಕೆ ಅವಳ ಕೂಲಿಯನ್ನು ಮುರಿಯಕೂಡದು. ಇನ್ನು ಅಪ್ಪನ ಸಾಲಕ್ಕೆ ಮಗನನ್ನು ಒಲೆಗೆ ತರಗು ಹಾಕಲು ನಿಲ್ಲಿಸುವುದಂತೂ ದೂರವೇ ಉಳಿಯಲಿ. ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು 2016ರ ತಿದ್ದುಪಡಿ ಹೇಳುತ್ತದೆ.

ಮುಂಗಡ ಪಡೆದು ಹಂಗಾಮಿನ ನಡುವೆ ಓಡಿಹೋಗುವ ಆಳುಗಳಿಲ್ಲವೇ ಎಂದು ರೈತರು ಕೇಳುತ್ತಾರೆ. ಇದ್ದಾರೆ, ಆ ನಷ್ಟ ಚಿಕ್ಕದೂ ಅಲ್ಲ. ಆದರೂ ಆಧಾರ್ ಚೀಟಿ ಕಿತ್ತಿಟ್ಟುಕೊಳ್ಳುವುದು, ಪಾತ್ರೆಪಗಡ ತಡೆಹಿಡಿಯುವುದು, ಸಂತೆಗೆ ಹೋಗುವಾಗ ಹೆಂಡತಿಯನ್ನು ಬಿಟ್ಟುಹೋಗು ಎನ್ನುವುದು, ಇವೇ ಜೀತದ ಗುರುತುಗಳು. ಕ್ರಮವಾದ ಮುಂಗಡದ ಬಾಕಿಗೆ ಸಿವಿಲ್ ನ್ಯಾಯಾಲಯವೊಂದೇ ದಾರಿ. ಅದಕ್ಕಿಂತ, ಒಂದೇ ಸಲ ದೊಡ್ಡ ಮೊತ್ತ ಕೊಡದೆ ಕೆಲಸ ಸಾಗಿದಂತೆ ಸ್ವಲ್ಪ ಸ್ವಲ್ಪ ಕೊಡುವುದು ಮೇಲು. ಮಧ್ಯವರ್ತಿಯ ಕೈಯಲ್ಲಿ ಕೊಡದೆ ಆಳಿನ ಕೈಗೇ ಕೊಟ್ಟು, ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು.

ಗಾಣಕ್ಕೆ ಕೈ ಸಿಕ್ಕಿದರೆ

ಕೋಲಾರದ ಚಿನ್ನದ ಗಣಿಗೆಂದು 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದಾಗ ಸುತ್ತಲಿನ ಗಾಣಗಳನ್ನು ಎತ್ತುಗಳು ತಿರುಗಿಸುತ್ತಿದ್ದವು. ಈಗ ಮೋಟಾರು ತಿರುಗಿಸುತ್ತದೆ. ಎತ್ತು ಕೂಗಿದರೆ ನಿಲ್ಲುತ್ತಿತ್ತು, ಮೋಟಾರು ನಿಲ್ಲುವುದಿಲ್ಲ. ಆಳಿನ ಕೈ ಸಿಕ್ಕಾಗ ಆಸ್ಪತ್ರೆಯ ಖರ್ಚನ್ನು ಮುಂಗಡದ ಬಾಕಿಗೆ ಸೇರಿಸಿ ಬರೆಯುವುದು ಅತ್ಯಂತ ಕೆಟ್ಟ ಪದ್ಧತಿ. ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಯ ವೆಚ್ಚ ಮಾಲೀಕನದೇ.

ನಷ್ಟಪರಿಹಾರವೂ ಅವನದೇ. 1923ರ ಕಾಯಿದೆಯಲ್ಲಿದ್ದ ಈ ಹೊಣೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿದೆ. ಯಂತ್ರಬಲದಿಂದ ನಡೆಯುವ ಬೇಸಾಯದ ಕೆಲಸಕ್ಕೂ ಅದು ಅನ್ವಯಿಸುತ್ತದೆ. ತಿಂಗಳಿಗೆ 12,000 ರೂಪಾಯಿ ಪಡೆಯುವ ಮೂವತ್ತು ವರ್ಷದ ಆಳು ಸತ್ತನೆನ್ನೋಣ. ಕೂಲಿಯ ಅರ್ಧ 6,000 ರೂಪಾಯಿಯನ್ನು ಆ ವಯಸ್ಸಿಗೆ ಗೊತ್ತುಪಡಿಸಿದ 207.98 ಎಂಬ ಅಂಕದಿಂದ ಗುಣಿಸಿದರೆ 12,47,880 ರೂಪಾಯಿ ಆಗುತ್ತದೆ. ಇಷ್ಟನ್ನು ಕೈಯಿಂದ ಕಟ್ಟಲು ಜಮೀನು ಮಾರಬೇಕಾದೀತು. ಸಾಮಾನ್ಯ ವಿಮಾ ಕಂಪನಿಗಳಲ್ಲಿ ಇದಕ್ಕೆಂದೇ ವಿಮೆ ದೊರೆಯುತ್ತದೆ. ಆಳುಗಳ ಸಂಖ್ಯೆ ಹಾಗೂ ಕೂಲಿಯನ್ನು ಸರಿಯಾಗಿ ತೋರಿಸಿ, ಗಾಣ ಹೂಡುವ ದಿನಕ್ಕೆ ಮುಂಚೆಯೇ ಪಾಲಿಸಿ ಕೈಯಲ್ಲಿರುವಂತೆ ನೋಡಿಕೊಳ್ಳತಕ್ಕದ್ದು.